ಬಾವಿ ನೀರೋ ನಳ್ಳಿ ನೀರೋ, ಕ್ಯಾನಿಸ್ಟರೋ ಬಾಲ್ದಿ ಫಿಲ್ಟರೋ: ಕರಾವಳಿಯ ಮನೆಯಲ್ಲಿ ಆಮೆ ತೊಟ್ಟಿಯ ನೀರು

ಕೆಟ್ಟ ನೀರಿನಲ್ಲಿ ಮೀನು ಒಂದೇ ರಾತ್ರಿಯಲ್ಲಿ ಸಾಯುತ್ತದೆ. ಆಮೆ ಸಾಯುವುದಿಲ್ಲ. ಅದು ಉಸಿರಾಡುವುದು ಶ್ವಾಸಕೋಶದಿಂದ, ಮೂಗು ಮೇಲೆತ್ತಿದರೆ ಗಾಳಿ ಸಿಗುತ್ತದೆ. ನೀರು ಹಾಳಾಗಿದೆ ಎಂದು ನಮಗೆ ಗೊತ್ತಾಗುವುದು ಬಹಳ ತಡವಾಗಿ, ಕಣ್ಣು ಊದಿಕೊಂಡು ಮುಚ್ಚಿದ ಮೇಲೆ ಅಥವಾ ಚಿಪ್ಪಿನ ಮೇಲೆ ಮೆತ್ತಗಿನ ಬಿಳಿ ಮಚ್ಚೆ ಎದ್ದ ಮೇಲೆ. ಅಷ್ಟರೊಳಗೆ ಆ ಪ್ರಾಣಿ ತಿಂಗಳುಗಟ್ಟಲೆ ತನ್ನದೇ ಹಿಕ್ಕೆ, ಮೂತ್ರದಿಂದ ಹುಟ್ಟಿದ ಅಮೋನಿಯಾದಲ್ಲಿ ನೆನೆದಿರುತ್ತದೆ.

ಈ ಮಾರ್ಗದರ್ಶಿ ಮಂಗಳೂರು, ಉಡುಪಿ ಕಡೆಯ ಮನೆಗಳಿಗೆ. ಇಲ್ಲಿನ ನೀರೂ ಬೇರೆ, ಕರೆಂಟಿನ ಪರಿಸ್ಥಿತಿಯೂ ಬೇರೆ. ಹಾಗಾಗಿ ಹೊರಗಿನ ಪಟ್ಟಿ ನೋಡಿ ದುಬಾರಿ ಫಿಲ್ಟರ್ ತಂದರೆ ಹಲವು ಸಲ ಅದು ಸುಮ್ಮನೆ ತಿರುಗುತ್ತಿರುತ್ತದೆ, ಕೆಲಸ ಮಾಡುವುದಿಲ್ಲ. ಮೊದಲು ನೀರನ್ನು ಆರಿಸಿಕೊಳ್ಳಿ, ಫಿಲ್ಟರ್ ಆಮೇಲೆ.

ಇಲ್ಲಿ ಹೇಳುತ್ತಿರುವುದು ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ, ಕಿವಿಯ ಬಳಿ ಕೆಂಪು ಪಟ್ಟೆಯಿರುವ ಸ್ಲೈಡರ್ ಆಮೆಯ ಬಗ್ಗೆ. ನಮ್ಮ ಗದ್ದೆ, ಕೆರೆ, ಹೊಳೆಗಳಲ್ಲಿ ಸಿಗುವ ಆಮೆಗಳನ್ನು ಮನೆಗೆ ತಂದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಸ್ಲೈಡರ್ ಅಮೆರಿಕ ಮೂಲದ್ದು, ಅದನ್ನು ಸಾಕಲಾಗದೆ ನೇತ್ರಾವತಿಗೋ ಸ್ವರ್ಣೆಗೋ ದೇವಸ್ಥಾನದ ಕೆರೆಗೋ ಬಿಡುವುದು ನಮ್ಮ ಆಮೆಗಳಿಗೆ ಮಾಡುವ ದೊಡ್ಡ ಅನ್ಯಾಯ.

ಯಾವ ಅಳತೆಗೆ ಶುದ್ಧ ಎನ್ನಬೇಕು

ತಿಳಿಯಾಗಿದೆ ಎಂದ ಮಾತ್ರಕ್ಕೆ ನೀರು ಶುದ್ಧವಲ್ಲ. ಅಮೋನಿಯಾಕ್ಕೆ ಬಣ್ಣವಿಲ್ಲ. ಬೇಕಾದ ಅಂಕಿಗಳು ಇವು: ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 40 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಒಳಗೆ, ಪಿಎಚ್ (ಹುಳಿ, ಕ್ಷಾರದ ಅಳತೆ) 6.8ರಿಂದ 8, ಉಷ್ಣತೆ 24ರಿಂದ 28 ಡಿಗ್ರಿ. ಇವುಗಳ ಜೊತೆ ಕೆಎಚ್ ಎಂಬ ಇನ್ನೊಂದು ಅಳತೆ ಇದೆ, ಎಂದರೆ ನೀರಿನಲ್ಲಿ ಕರಗಿರುವ ಕಾರ್ಬೊನೇಟ್‌ನ ಪ್ರಮಾಣ. ಅದು ಕನಿಷ್ಠ 4 ಡಿಗ್ರಿ ಇರಲಿ. ಕರಾವಳಿಯಲ್ಲಿ ಎಲ್ಲರೂ ಬಿಟ್ಟುಬಿಡುವುದು ಇದನ್ನೇ, ಎಲ್ಲ ತೊಂದರೆಯ ಬೇರು ಇರುವುದೂ ಇಲ್ಲೇ.

ಪರೀಕ್ಷೆಗೆ ಪಟ್ಟಿ ಕಾಗದಕ್ಕಿಂತ ಹನಿ ಹಾಕಿ ಬಣ್ಣ ನೋಡುವ ದ್ರವದ ಕಿಟ್ ವಾಸಿ. ನಮ್ಮ ಮಳೆಗಾಲದ ತೇವಕ್ಕೆ ಪಟ್ಟಿಗಳು ಡಬ್ಬದೊಳಗೇ ಹಾಳಾಗುತ್ತವೆ, ಆಮೇಲೆ ತಪ್ಪು ಬಣ್ಣ ತೋರಿಸುತ್ತವೆ. ನೀರು ಶುದ್ಧೀಕರಣ ಯಂತ್ರ ಮಾರುವವರು ಹಿಡಿದು ತೋರಿಸುವ ಟಿಡಿಎಸ್ (ಕರಗಿದ ಲವಣಗಳ ಒಟ್ಟು ಅಳತೆ) ಪೆನ್ನು ಅಮೋನಿಯಾವನ್ನು ಅಳೆಯುವುದೇ ಇಲ್ಲ. ಅದರಲ್ಲಿ 60 ಬಂತು, 80 ಬಂತು ಎಂದು ಸಮಾಧಾನ ಪಟ್ಟುಕೊಳ್ಳಬೇಡಿ.

ನೀರಿನ ಮೂಲ: ಬಾವಿ, ನಳ್ಳಿ, ಆರ್‌ಒ, ಮಳೆ

ಬಾವಿ ನೀರು ಕುಡಿಯಲು ಸಿಹಿ, ಕ್ಲೋರಿನ್ ಇಲ್ಲ, ವರ್ಷವಿಡೀ ತಂಪು ಬಿಸಿ ಹದವಾಗಿರುತ್ತದೆ. ಆಮೆಗೆ ಇದಕ್ಕಿಂತ ಒಳ್ಳೆಯದೇನು ಎನ್ನಿಸುವುದು ಸಹಜ. ಆದರೆ ಮುರಕಲ್ಲಿನ (ಜಂಬಿಟ್ಟಿಗೆ) ನೆಲದಲ್ಲಿ ಇಂಗಿ ಬಂದ ನೀರು ಸಾಮಾನ್ಯವಾಗಿ ಹುಳಿ ಗುಣದ್ದು. ಪಿಎಚ್ 6.5ಕ್ಕಿಂತ ಕೆಳಗಿರುವ ಬಾವಿಗಳು ಇಲ್ಲಿ ಸಾಮಾನ್ಯ. ಕಾರ್ಬೊನೇಟ್ ಅಂತೂ ಬಹಳ ಕಡಿಮೆ.

ಇದರಿಂದ ಏನಾಗುತ್ತದೆ ನೋಡಿ. ಆಮೆಯ ಹಿಕ್ಕೆ, ಮೂತ್ರ, ತಿಂದು ಬಿಟ್ಟ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಫಿಲ್ಟರ್‌ನಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಈ ಕೆಲಸಕ್ಕೆ ಅವಕ್ಕೆ ಕಾರ್ಬೊನೇಟ್ ಬೇಕು: 1 ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 7 ಮಿಲಿಗ್ರಾಂ. ಕೆಎಚ್ 2 ಎಂದರೆ ಲೀಟರಿಗೆ 36 ಮಿಲಿಗ್ರಾಂ ಮಾತ್ರ. ಲೀಟರಿಗೆ 5 ಮಿಲಿಗ್ರಾಂ ಅಮೋನಿಯಾವನ್ನು ನೈಟ್ರೇಟ್ ಮಾಡುವಷ್ಟರಲ್ಲಿ ಅದು ಬರಿದು. ಆಮೇಲೆ ಪಿಎಚ್ ಜಾರುತ್ತದೆ, 6ರ ಹತ್ತಿರ ಬಂದಾಗ ಬ್ಯಾಕ್ಟೀರಿಯಾ ಕೆಲಸ ಬಹುತೇಕ ನಿಲ್ಲಿಸುತ್ತವೆ. ಮೋಟಾರು ತಿರುಗುತ್ತಿರುತ್ತದೆ, ನೀರೂ ತಿಳಿಯಾಗಿಯೇ ಕಾಣುತ್ತದೆ, ಅಮೋನಿಯಾ ಮಾತ್ರ ಏರುತ್ತಾ ಹೋಗುತ್ತದೆ.

ಪರಿಹಾರ ಅಗ್ಗ. ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು ನಮ್ಮಲ್ಲಿ ಯಾವ ಮನೆಯ ಹಿತ್ತಿಲಲ್ಲಿ ಸಿಗುವುದಿಲ್ಲ? ಮಾಂಸದ ಚೂರು ಒಂದೂ ಉಳಿಯದಂತೆ ಉಜ್ಜಿ, 15 ನಿಮಿಷ ಕುದಿಸಿ, ಬಿಸಿಲಲ್ಲಿ ಒಣಗಿಸಿ, ಒರಟಾಗಿ ಜಜ್ಜಿ. 100 ಲೀಟರ್ ನೀರಿಗೆ ಎರಡು ಹಿಡಿಯಷ್ಟನ್ನು ಬಲೆಚೀಲದಲ್ಲಿ ಕಟ್ಟಿ ಫಿಲ್ಟರ್‌ನೊಳಗೆ, ನೀರು ಹರಿಯುವ ಜಾಗದಲ್ಲಿಡಿ. ನೀರು ಹುಳಿಯಾದಷ್ಟೂ ಚಿಪ್ಪು ಹೆಚ್ಚು ಕರಗುತ್ತದೆ, ಸರಿಯಾದಾಗ ತಾನೇ ನಿಧಾನವಾಗುತ್ತದೆ. ತಕ್ಷಣಕ್ಕೆ ಬೇಕಿದ್ದರೆ ಅಡುಗೆ ಸೋಡಾ: 100 ಲೀಟರಿಗೆ 3 ಗ್ರಾಂ ಹಾಕಿದರೆ ಕೆಎಚ್ ಹತ್ತಿರಹತ್ತಿರ 1 ಏರುತ್ತದೆ. ದಿನಕ್ಕೆ ಅಷ್ಟೇ ಏರಿಸಿ.

ಇಲ್ಲೊಂದು ಅಪಾಯವಿದೆ, ಇದನ್ನು ದಯವಿಟ್ಟು ನೆನಪಿಡಿ. ಹುಳಿ ನೀರಿನಲ್ಲಿ ಅಮೋನಿಯಾದ ಬಹುಪಾಲು ಅಷ್ಟೊಂದು ಹಾನಿ ಮಾಡದ ಅಮೋನಿಯಂ ರೂಪದಲ್ಲಿರುತ್ತದೆ. 28 ಡಿಗ್ರಿಯಲ್ಲಿ ಪಿಎಚ್ 6.5 ಇದ್ದಾಗ ವಿಷದ ಪಾಲು ನೂರಕ್ಕೆ 0.2ರಷ್ಟು. ಪಿಎಚ್ 8ಕ್ಕೆ ಏರಿದರೆ ಅದು 6ರಿಂದ 7 ಆಗುತ್ತದೆ, ಸುಮಾರು 30 ಪಟ್ಟು. ತಿಂಗಳುಗಟ್ಟಲೆ ಅಮೋನಿಯಾ ತುಂಬಿದ ಹಳೇ ನೀರಿಗೆ ಒಮ್ಮೆಲೇ ಚಮಚಗಟ್ಟಲೆ ಸೋಡಾ ಸುರಿದರೆ ಆಮೆಯ ಕಣ್ಣು, ಮೂಗು ಉರಿದುಹೋಗುತ್ತದೆ. ಮೊದಲು ಎರಡು ಮೂರು ದಿನ ಅರ್ಧರ್ಧ ನೀರು ಬದಲಿಸಿ ಅಮೋನಿಯಾ ಇಳಿಸಿ, ಆಮೇಲೆ ಕೆಎಚ್ ಏರಿಸಿ.

ಬಾವಿಯಿಂದ ಆಗಷ್ಟೇ ಸೇದಿದ ನೀರಿನ ಪಿಎಚ್ ನೋಡಬೇಡಿ. ಅದರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಇರುವುದರಿಂದ ಅಂಕಿ ಇನ್ನೂ ಕೆಳಗೆ ತೋರಿಸುತ್ತದೆ. ಬಾಲ್ದಿಯಲ್ಲಿ 24 ಗಂಟೆ ಗಾಳಿ ಪಂಪ್ ಹಾಕಿಟ್ಟು ನೋಡಿ. ಬಾಲ್ದಿಯ ತಳದಲ್ಲಿ ಕೆಂಗಂದು ಗಸಿ ಕೂತರೆ ಕಬ್ಬಿಣ ಇದೆಯೆಂದು ಅರ್ಥ, ಮೇಲಿನ ತಿಳಿ ಮಾತ್ರ ಬಳಸಿ. ಸಮುದ್ರದ ಹತ್ತಿರದ ಉಳ್ಳಾಲ, ಮಲ್ಪೆ, ಕಾಪು ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಾವಿ ನೀರು ಉಪ್ಪಾದರೆ ಆ ಎರಡು ತಿಂಗಳು ಬೇರೆ ನೀರು ನೋಡಿಕೊಳ್ಳಿ.

ಮಳೆಗಾಲದಲ್ಲಿ ಇನ್ನೆರಡು ಸಂಗತಿ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ್ದರೆ ಅದೂ ಕ್ಲೋರಿನ್ ನೀರೇ, ನಳ್ಳಿ ನೀರಿನಂತೆಯೇ ನೋಡಬೇಕು. ನೀರು ಕದಡಿದೆ ಎಂದು ಪಟಿಕ ತಿರುವುವ ರೂಢಿ ಅನೇಕ ಮನೆಗಳಲ್ಲಿದೆ. ಪಟಿಕ ಮಣ್ಣನ್ನು ತಳಕ್ಕೆ ಕೂರಿಸುವಾಗ ಇರುವ ಚೂರುಪಾರು ಕಾರ್ಬೊನೇಟನ್ನೂ ತಿಂದುಬಿಡುತ್ತದೆ. ಆಮೆ ತೊಟ್ಟಿಗೆ ಪಟಿಕದ ನೀರು ಬೇಡ, ಎರಡು ದಿನ ಇಟ್ಟು ತಿಳಿಯಾಗಿಸಿ.

ನಳ್ಳಿ ನೀರು: ಮಂಗಳೂರಿಗೆ ತುಂಬೆಯ ಕಿಂಡಿ ಅಣೆಕಟ್ಟಿನಿಂದ ನೇತ್ರಾವತಿಯ ನೀರು, ಉಡುಪಿಗೆ ಬಜೆಯಿಂದ ಸ್ವರ್ಣೆಯ ನೀರು. ಘಟ್ಟದಿಂದ ಇಳಿದು ಬರುವ ಈ ಹೊಳೆಗಳ ನೀರೂ ಮೆದುವೇ, ಆದ್ದರಿಂದ ಚಿಪ್ಪಿನ ಚೀಲ ಇಲ್ಲಿಯೂ ಬೇಕು. ಇದರ ಬೇರೆ ತೊಂದರೆ ಕ್ಲೋರಿನ್. ಆಮೆಯ ಕಣ್ಣಿಗೆ ಅದು ಸ್ವಲ್ಪ ಉರಿ, ಫಿಲ್ಟರ್‌ನ ಬ್ಯಾಕ್ಟೀರಿಯಾಕ್ಕೆ ನೇರ ವಿಷ. ಅಗಲ ಬಾಯಿಯ ಪಾತ್ರೆಯಲ್ಲಿ 24ರಿಂದ 48 ಗಂಟೆ ಇಟ್ಟರೆ ಹಾರಿಹೋಗುತ್ತದೆ. ಅಷ್ಟು ಸಮಯವಿಲ್ಲದಿದ್ದರೆ ಅಕ್ವೇರಿಯಂ ಅಂಗಡಿಯ ಸೋಡಿಯಂ ಥಯೋಸಲ್ಫೇಟ್ ಹರಳು: 10 ಗ್ರಾಂ ಹರಳನ್ನು 1 ಲೀಟರ್ ನೀರಲ್ಲಿ ಕರಗಿಸಿ ಬಾಟಲಿಯಲ್ಲಿಟ್ಟುಕೊಳ್ಳಿ, 15 ಲೀಟರಿನ ಬಾಲ್ದಿಗೆ 20 ಮಿಲಿ ಸಾಕು. ಕಲಕಿ ಐದು ನಿಮಿಷ ಬಿಟ್ಟು ಬಳಸಬಹುದು. ಇಟ್ಟ ನೀರಿನ ಡ್ರಮ್ಮಿಗೆ ಸೊಳ್ಳೆ ಪರದೆಯ ಬಟ್ಟೆ ಬಿಗಿಯಾಗಿ ಕಟ್ಟಿ. ಮಲೇರಿಯಾ, ಡೆಂಗಿ ಕಂಡಿರುವ ಊರಿನಲ್ಲಿ ತೆರೆದ ಡ್ರಮ್ ಇಡುವಂತಿಲ್ಲ.

ಆರ್‌ಒ ನೀರು ಬೇಡವೇ ಬೇಡ. ಅದರಲ್ಲಿ ಕೆಎಚ್ ಹೆಚ್ಚುಕಡಿಮೆ ಸೊನ್ನೆ, ಬಾವಿ ನೀರಿನ ದೋಷವೇ ಇನ್ನಷ್ಟು ಜಾಸ್ತಿ. ಚಾವಣಿಯ ಮಳೆ ನೀರೂ ಹಾಗೆಯೇ. ಜೂನ್ ಮೊದಲ ವಾರದ ಮಳೆ ಮಾಡಿನ ಕೊಳೆಯನ್ನೆಲ್ಲ ತೊಳೆದು ತರುತ್ತದೆ. ಆಮೇಲಿನದನ್ನು ಬೇಕಿದ್ದರೆ ಬೇರೆ ನೀರಿನೊಂದಿಗೆ ಅರ್ಧಕ್ಕರ್ಧ ಬೆರೆಸಿ.

ಒಟ್ಟಿನಲ್ಲಿ ಚಿಪ್ಪಿನ ಚೀಲ ಹಾಕಿದ ಬಾವಿ ನೀರಿಗೆ ನಮ್ಮ ಮೊದಲ ಮತ. ಬಾವಿ ಇಲ್ಲದ ಫ್ಲ್ಯಾಟಿನಲ್ಲಿ ಇಟ್ಟು ಬಳಸಿದ ನಳ್ಳಿ ನೀರು.

ಎಷ್ಟು ನೀರು

ಚಿಪ್ಪಿನ ಉದ್ದದ ಪ್ರತಿ ಇಂಚಿಗೆ 40 ಲೀಟರ್ ಎಂಬುದು ಸಾಕುವವರ ಹಳೆಯ ಲೆಕ್ಕ. 6 ಇಂಚಿನ ಆಮೆಗೆ 240 ಲೀಟರ್. ಹೆಣ್ಣು ಸ್ಲೈಡರ್ 10 ಇಂಚಿನ ತನಕ ಬೆಳೆಯುತ್ತದೆ, ಅಂಗಡಿಯಲ್ಲಿ ಅಂಗೈಯಲ್ಲಿ ಕೂತಿದ್ದಾಗ ಅದನ್ನು ಯಾರೂ ಹೇಳುವುದಿಲ್ಲ. ಗಾಜಿನ ತೊಟ್ಟಿ ಚೆಂದ, ಆದರೆ ಇಷ್ಟು ದೊಡ್ಡದು ದುಬಾರಿ, ಭಾರ. ಜಗಲಿಯಲ್ಲಿ ಜಾಗವಿದ್ದರೆ 300 ಲೀಟರಿನ ದಪ್ಪ ಪ್ಲಾಸ್ಟಿಕ್ ಅಥವಾ ಫೈಬರ್ ಟಬ್ ಅದಕ್ಕಿಂತ ಉತ್ತಮ, ಒಳಗೆ ಒಣಗಿ ಕೂರಲು ಕಟ್ಟೆಯೊಂದಿರಲಿ. ನೀರು ಹೆಚ್ಚಿದ್ದಷ್ಟೂ ಕೆಡುವುದು ನಿಧಾನ.

ಫಿಲ್ಟರ್: ಐದು ಬಗೆ

ಆಮೆ ಮೀನಿಗಿಂತ ಎಷ್ಟೋ ಪಾಲು ಹೆಚ್ಚು ಕೊಳೆ ಮಾಡುತ್ತದೆ. ಡಬ್ಬದ ಮೇಲೆ “200 ಲೀಟರ್ ತೊಟ್ಟಿಗೆ” ಎಂದಿದ್ದರೆ ಆಮೆಗೆ ಅದನ್ನು 80 ಲೀಟರಿಗೆ ಎಂದು ಓದಿಕೊಳ್ಳಿ. ಗಂಟೆಗೆ ತೊಟ್ಟಿಯ ನೀರಿನ 4ರಿಂದ 6 ಪಟ್ಟು ಹರಿಯಬೇಕು. ಪಂಪಿನ ಮೇಲೆ ಬರೆದ ಅಂಕಿ ಎತ್ತರವೇ ಇಲ್ಲದಾಗಿನದು, ನೀರನ್ನು ಮೇಲೆತ್ತಿ ಕೊಳೆ ತುಂಬಿದ ಸ್ಪಂಜಿನೊಳಗೆ ಹರಿಸುವಾಗ ಅರ್ಧ ಸಿಕ್ಕರೆ ಪುಣ್ಯ.

ಗಾಳಿ ಪಂಪಿನ ಸ್ಪಂಜು ಫಿಲ್ಟರ್ ಅಗ್ಗ, 3ರಿಂದ 5 ವಾಟ್ ಸಾಕು, ಬ್ಯಾಟರಿಯಲ್ಲೂ ಓಡುತ್ತದೆ. ಬ್ಯಾಕ್ಟೀರಿಯಾಕ್ಕೆ ಒಳ್ಳೆಯ ಮನೆ, ಹಿಕ್ಕೆ ಎತ್ತಲು ಅಸಮರ್ಥ. ಮರಿಗಳಿಗೆ, ಅಥವಾ ದೊಡ್ಡ ಫಿಲ್ಟರ್‌ಗೆ ಜೊತೆಯಾಗಿ ಸರಿ.

ನೀರೊಳಗೆ ಮುಳುಗಿಸುವ ಫಿಲ್ಟರ್ ಮೂರ್ನಾಲ್ಕು ದಿನಕ್ಕೇ ಕಟ್ಟಿಕೊಳ್ಳುತ್ತದೆ. 3 ಇಂಚಿನ ಒಳಗಿನ ಮರಿಗೆ ಸಾಕು. ಅದನ್ನು ಗಾಜಿಗೆ ಪೂರ್ತಿ ಒತ್ತಿ ಅಂಟಿಸಿ, ಇಲ್ಲವೇ ಆಮೆ ಸಲೀಸಾಗಿ ದಾಟುವಷ್ಟು ಜಾಗ ಬಿಡಿ. ಎರಡು ಬೆರಳಿನ ಸಂದಿಯಲ್ಲಿ ಸಿಕ್ಕಿಬಿದ್ದ ಮರಿ ಮೇಲೆ ಬರಲಾಗದೆ ಮುಳುಗಿ ಸಾಯುತ್ತದೆ.

ತೊಟ್ಟಿಯ ಅಂಚಿಗೆ ನೇತುಹಾಕುವ ಫಿಲ್ಟರ್‌ಗೆ ನೀರು ಅಂಚಿನ ತನಕ ಇರಬೇಕು. ಆಮೆ ಹತ್ತಿ ಹೊರಬೀಳದಂತೆ ನಾವು ಒಂದು ಗೇಣು ಖಾಲಿ ಬಿಡುತ್ತೇವೆ. ಎರಡೂ ಹೊಂದುವುದಿಲ್ಲ, ಇದನ್ನು ಬಿಡಿ.

ಕ್ಯಾನಿಸ್ಟರ್ ಎಲ್ಲಕ್ಕಿಂತ ಸಮರ್ಥ, ಶಬ್ದವಿಲ್ಲ, ತೊಟ್ಟಿಯ ಕೆಳಗೆ ಅಡಗಿ ಕೂರುತ್ತದೆ. ಕೆಲವು ಸಾವಿರ ರೂಪಾಯಿ ಬೆಲೆ. ಆದರೆ ಅದು ಮುಚ್ಚಿದ ಡಬ್ಬ. ಆಷಾಢದಲ್ಲಿ ಮರ ಬಿದ್ದು ಲೈನ್ ಹರಿದು ಗಂಟೆಗಟ್ಟಲೆ ಕರೆಂಟು ಹೋದಾಗ ಡಬ್ಬದೊಳಗಿನ ನೀರಿನ ಆಮ್ಲಜನಕ ಮುಗಿಯುತ್ತದೆ, ಬ್ಯಾಕ್ಟೀರಿಯಾ ಸಾಯಲಾರಂಭಿಸುತ್ತವೆ, ಕೊಳೆ ಕೊಳೆಯುತ್ತದೆ. ಕರೆಂಟು ಬಂದೊಡನೆ ಆ ಗಬ್ಬು ನೀರು ನೇರ ಆಮೆಯ ಮೇಲೆ. ಕ್ಯಾನಿಸ್ಟರ್ ಇಟ್ಟವರು ಮಳೆಗಾಲದಲ್ಲಿ ರಾತ್ರಿ ಮಲಗುವಾಗ ಕರೆಂಟಿಲ್ಲದಿದ್ದರೆ ಅದರ ಸ್ವಿಚ್ ಆಫ್ ಮಾಡಿಯೇ ಮಲಗಬೇಕು. ಮೂರು ನಾಲ್ಕು ಗಂಟೆ ದಾಟಿದ್ದರೆ ಬಿಚ್ಚಿ, ಒಳಗಿನ ನೀರು ಚೆಲ್ಲಿ, ತೊಟ್ಟಿಯ ನೀರಲ್ಲೇ ಸ್ಪಂಜು ಅಲುಬಿ, ಆಮೇಲೆ ಚಾಲೂ ಮಾಡಿ. ಇನ್ವರ್ಟರ್‌ಗೆ ಜೋಡಿಸಿದ್ದರೆ ಈ ತೊಂದರೆಯಿಲ್ಲ, ಆಗ ಕ್ಯಾನಿಸ್ಟರೇ ಶ್ರೇಷ್ಠ.

ಐದನೆಯದು ಮೇಲ್ಭಾಗದ ತೆರೆದ ಫಿಲ್ಟರ್. ಪಂಪ್ ತೊಟ್ಟಿಯ ತಳದಲ್ಲಿ, ಸ್ಪಂಜಿನ ಪೆಟ್ಟಿಗೆ ಮೇಲೆ. ಕರೆಂಟು ಹೋದರೂ ಸ್ಪಂಜಿಗೆ ಗಾಳಿ ತಾಗುತ್ತಿರುತ್ತದೆ, ಒದ್ದೆ ಇರುವ ತನಕ ಬ್ಯಾಕ್ಟೀರಿಯಾ ಬದುಕುತ್ತವೆ. ತೊಳೆಯಲು ಎರಡೇ ನಿಮಿಷ ಸಾಕು. ಅಂಗಡಿಯ ಪೆಟ್ಟಿಗೆಗಳು ಚಿಕ್ಕವು, ಹಾಗಾಗಿ ದೊಡ್ಡ ಆಮೆಗೆ ಇದನ್ನೇ 20 ಲೀಟರಿನ ಬಾಲ್ದಿಯಲ್ಲಿ ಮಾಡಿಕೊಳ್ಳುವುದು ನಮ್ಮ ದೃಢವಾದ ಸಲಹೆ.

ಬಾಲ್ದಿ ಫಿಲ್ಟರ್ ಕಟ್ಟುವ ಬಗೆ

ಬೇಕಾದದ್ದು: ಮುಚ್ಚಳವಿರುವ 20 ಲೀಟರಿನ ಹೊಸ ಬಾಲ್ದಿ, ಗಂಟೆಗೆ 2,000 ಲೀಟರಿನ ಮುಳುಗು ಪಂಪ್, ಅರ್ಧ ಇಂಚಿನ ಪೈಪ್, ಒಂದೂಕಾಲು ಇಂಚಿನ ಟ್ಯಾಂಕ್ ನಿಪ್ಪಲ್ (ಬಾಲ್ದಿಯ ಗೋಡೆಗೆ ಪೈಪ್ ಜೋಡಿಸುವ ತುಂಡು) ಎರಡು, ಅರ್ಧ ಇಂಚಿನ ನಳ್ಳಿ ಒಂದು.

ಬಾಲ್ದಿಯ ಬಾಯಿಯಿಂದ 6 ಸೆಂಟಿಮೀಟರ್ ಕೆಳಗೆ ಮೊದಲ ನಿಪ್ಪಲ್ ಕೂರಿಸಿ, ಇದು ನೀರು ತೊಟ್ಟಿಗೆ ಮರಳುವ ದಾರಿ. ಪಂಪಿನ ಪೈಪ್ ಅರ್ಧ ಇಂಚು, ಹೊರದಾರಿ ಒಂದೂಕಾಲು. ಹೊರದಾರಿ ಚಿಕ್ಕದಾದರೆ ಒಂದು ಎಲೆಚೂರು ಅಡ್ಡ ಬಂದ ದಿನ ಮನೆಯೆಲ್ಲ ನೀರು. ಅದಕ್ಕಿಂತ 2 ಸೆಂಟಿಮೀಟರ್ ಮೇಲೆ ಎರಡನೇ ನಿಪ್ಪಲ್, ಅದೂ ತೊಟ್ಟಿಗೇ ಬೀಳಲಿ. ತಳದಲ್ಲಿ ಗಸಿ ಬಿಡಲು ನಳ್ಳಿ.

ಪಂಪಿನ ಪೈಪನ್ನು ಬಾಲ್ದಿಯ ತಳದ ತನಕ ಇಳಿಸಿ. ನೀರು ಕೆಳಗಿನಿಂದ ಮೇಲೇರಬೇಕು, ಆಗ ಭಾರದ ಕೊಳೆ ತಳದಲ್ಲೇ ಉಳಿಯುತ್ತದೆ. ತಳದ 5 ಸೆಂಟಿಮೀಟರ್ ಖಾಲಿ ಬಿಟ್ಟು ಪ್ಲಾಸ್ಟಿಕ್ ಜಾಲರಿ ಇಡಿ. ಅದರ ಮೇಲೆ ಪಾತ್ರೆ ತಿಕ್ಕುವ ಹಸಿರು ಪ್ಯಾಡ್ ಕತ್ತರಿಸಿ ಒಂದು ಗೇಣು, ಸೋಪು ಬೆರೆಸಿದ ಪ್ಯಾಡ್ ಆಗಿರಬಾರದು. ಅದರ ಮೇಲೆ ಮಂಗಳೂರು ಹೆಂಚಿನ ಚೂರು, ಕಡಲೆಕಾಯಿ ಗಾತ್ರ, ಬಣ್ಣ ಬಳಿದದ್ದು ಬೇಡ, ಚೆನ್ನಾಗಿ ತೊಳೆದು 4 ಕಿಲೋ. ಮುರಕಲ್ಲಿನ ಚೂರು ಹಾಕಬೇಡಿ, ಕೆಂಪು ಹುಡಿ ಬಿಡುತ್ತಲೇ ಇರುತ್ತದೆ. ಮೇಲೆ ಚಿಪ್ಪಿನ ಚೀಲ, ಕೊನೆಗೆ ದಿಂಬಿನ ಪಾಲಿಯೆಸ್ಟರ್ ಹತ್ತಿಯ ತೆಳು ಪದರ.

ಈಗ ಎಲ್ಲರೂ ಮರೆಯುವ ತೂತು. ಕರೆಂಟು ಹೋದಾಗ ತಳಕ್ಕೆ ಇಳಿಸಿದ ಪೈಪಿನ ಮೂಲಕವೇ ಬಾಲ್ದಿಯ ನೀರೆಲ್ಲ ಗಸಿಯೊಂದಿಗೆ ತೊಟ್ಟಿಗೆ ವಾಪಸ್ ಹರಿಯುತ್ತದೆ. ಬಾಲ್ದಿಯೊಳಗಿನ ನೀರಿನ ಮಟ್ಟಕ್ಕಿಂತ ತುಸು ಕೆಳಗೆ, ಆ ಪೈಪಿಗೆ 4 ಮಿಲಿಮೀಟರಿನ ತೂತು ಕೊರೆಯಿರಿ. ಮಟ್ಟ ಆ ತೂತಿಗೆ ಇಳಿದೊಡನೆ ಗಾಳಿ ಹೊಕ್ಕು ಹರಿವು ನಿಲ್ಲುತ್ತದೆ, ಹೆಂಚು ಒದ್ದೆಯಾಗಿಯೇ ಉಳಿಯುತ್ತದೆ. ಕರೆಂಟು ಗಂಟೆಗಟ್ಟಲೆ ಬಾರದಿದ್ದರೆ ತಳದ ನಳ್ಳಿ ತಿರುವಿ ಬಾಲ್ದಿಯ ನೀರು ಇಳಿಸಿ, ಆಗ ಹೆಂಚಿಗೆ ಗಾಳಿ ತಾಗುತ್ತದೆ.

ತುಂಬಿದ ಬಾಲ್ದಿ 20 ಕಿಲೋ ದಾಟುತ್ತದೆ, ಗಟ್ಟಿ ಸ್ಟೂಲ್ ಬೇಕು. ಪಂಪಿನ ವಯರ್ ಪ್ಲಗ್ಗಿಗಿಂತ ಕೆಳಗೆ ಒಂದು ಬಳುಕು ಇಳಿದು ಮೇಲೇರಲಿ, ಹನಿ ನೀರು ಪ್ಲಗ್ಗಿಗೆ ಹೋಗದೆ ಅಲ್ಲೇ ತೊಟ್ಟಿಕ್ಕುತ್ತದೆ. ಕರೆಂಟು ಸೋರಿದೊಡನೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ, ಕೈ ನೀರಿಗೆ ಹಾಕುವ ಮೊದಲು ಪ್ಲಗ್ ಕಿತ್ತಿಡಿ.

ಬಾಲ್ದಿಯ ಬಾಯಲ್ಲಿ ಮನಿ ಪ್ಲಾಂಟಿನ ನಾಲ್ಕು ಬಳ್ಳಿ ನೆಟ್ಟರೆ ಬೇರುಗಳು ನೈಟ್ರೇಟ್ ಹೀರುತ್ತವೆ. ಎಲೆ ಆಮೆಯ ಬಾಯಿಗೆ ಸಿಗಬಾರದು, ಅದರ ರಸ ಬಾಯಿ ತುರಿಸುತ್ತದೆ.

ನೀರು ಬದಲಿಸುವುದು: ಪೂರ್ತಿಯೋ, ಸ್ವಲ್ಪವೋ

ಫಿಲ್ಟರ್ ಇಲ್ಲದ ಟಬ್ಬಿನಲ್ಲಿ ದಿನ ಬಿಟ್ಟು ದಿನ ಪೂರ್ತಿ ಬದಲಿಸಬೇಕು. ಮರಿಗೆ 20 ಲೀಟರಾದರೆ ಆದೀತು, ದೊಡ್ಡ ಆಮೆಯ 200 ಲೀಟರನ್ನು ಮೇ ತಿಂಗಳಲ್ಲಿ ನಳ್ಳಿ ನೀರು ಎರಡು ದಿನಕ್ಕೊಮ್ಮೆ ಬರುವಾಗ ಎಲ್ಲಿಂದ ತರುವುದು? ಫಿಲ್ಟರ್ ಇದ್ದರೆ ವಾರಕ್ಕೆ ನೂರಕ್ಕೆ 30, ಅಂದರೆ ನಾಲ್ಕು ಬಾಲ್ದಿ. ಫಿಲ್ಟರ್ ಇರುವ ತೊಟ್ಟಿಯನ್ನು ಒಮ್ಮೆಲೇ ಖಾಲಿ ಮಾಡಿ ಸೋಪು ಹಾಕಿ ಉಜ್ಜುವುದು ತಪ್ಪು. ಕಟ್ಟಿದ ಬ್ಯಾಕ್ಟೀರಿಯಾ ಹೋಗಿ ಮತ್ತೆ ಮೊದಲಿನಿಂದ ಶುರು.

ಹೊಸ ಫಿಲ್ಟರ್ ಹದಕ್ಕೆ ಬರಲು 4ರಿಂದ 6 ವಾರ. ಆ ತನಕ ದಿನ ಬಿಟ್ಟು ದಿನ ನೂರಕ್ಕೆ 30 ಬದಲಿಸಿ, ಎರಡು ದಿನಕ್ಕೊಮ್ಮೆ ಅಮೋನಿಯಾ, ನೈಟ್ರೈಟ್ ನೋಡಿ. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಕಾಣಿಸಿದರೆ ಫಿಲ್ಟರ್ ತಯಾರು. ಪರಿಚಯದವರ ಆರೋಗ್ಯವಂತ ತೊಟ್ಟಿಯ ಹಳೇ ಸ್ಪಂಜಿನ ತುಂಡು ಸಿಕ್ಕರೆ ಅರ್ಧ ಸಮಯ ಉಳಿಯುತ್ತದೆ. ಸ್ಪಂಜು, ಪ್ಯಾಡುಗಳನ್ನು ಎಂದೂ ನಳ್ಳಿಯ ಕೆಳಗೆ ತೊಳೆಯಬೇಡಿ, ತೆಗೆದ ತೊಟ್ಟಿ ನೀರಿನಲ್ಲೇ ಹಿಂಡಿ. ಹೆಂಚಿನ ಚೂರನ್ನು ಆರು ತಿಂಗಳು ಮುಟ್ಟಬೇಕಿಲ್ಲ.

ನೀರು ಎಳೆಯುವ ಪೈಪನ್ನು ಬಾಯಲ್ಲಿ ಹೀರಬಾರದು. ಪೈಪ್ ಪೂರ್ತಿ ನೀರೊಳಗೆ ಮುಳುಗಿಸಿ ತುಂಬಿಸಿ, ಒಂದು ತುದಿ ಹೆಬ್ಬೆರಳಿನಿಂದ ಮುಚ್ಚಿ ಕೆಳಗಿನ ಬಾಲ್ದಿಗೆ ಇಳಿಸಿದರೆ ತಾನೇ ಹರಿಯುತ್ತದೆ.

ಆಹಾರವೇ ಅರ್ಧ ಕೊಳೆ

ಬೂತಾಯಿ ಮೀನು ಹಾಕುವವರ ತೊಟ್ಟಿಯ ಮೇಲೆ ಎಣ್ಣೆಯ ಪೊರೆ ಕಟ್ಟುತ್ತದೆ, ಗಾಳಿ ಬೆರೆಯುವುದಿಲ್ಲ. ಒಣ ಎಟ್ಟಿಯಲ್ಲಿ (ಸಿಗಡಿ) ಉಪ್ಪು. ಎರಡೂ ತೊಟ್ಟಿಗೆ ಬೇಡ. ಬೇರೆ ಬಾಲ್ದಿಯಲ್ಲಿ 15ರಿಂದ 20 ನಿಮಿಷ ಉಣಿಸಿ, ಆಮೇಲೆ ತೊಟ್ಟಿಗೆ ಬಿಡುವುದು ಯಾವ ಫಿಲ್ಟರಿಗಿಂತಲೂ ಹೆಚ್ಚು ಕೊಳೆ ತಪ್ಪಿಸುತ್ತದೆ. ಪೆಲೆಟ್ (ಅಂಗಡಿಯ ಗುಳಿಗೆ ಆಹಾರ) ಆಮೆಯ ತಲೆಯ ಗಾತ್ರದಷ್ಟು, ಬೆಳೆದ ಆಮೆಗೆ ಎರಡು ದಿನಕ್ಕೊಮ್ಮೆ ಸಾಕು.

ನೀರು ನೋಡಿ ತಿಳಿಯುವುದು

ಹಾಲಿನಂತೆ ಬೆಳ್ಳಗಾದರೆ ಬ್ಯಾಕ್ಟೀರಿಯಾ ನೀರಲ್ಲಿ ತೇಲುತ್ತಿವೆ: ಹೊಸ ತೊಟ್ಟಿ, ಅಥವಾ ಆಹಾರ ಹೆಚ್ಚಾಗಿದೆ. ಉಣಿಸುವುದು ಕಡಿಮೆ ಮಾಡಿ ಕಾಯಿರಿ. ಹಸಿರಾದರೆ ಬಿಸಿಲು ಮತ್ತು ನೈಟ್ರೇಟ್. ಯುವಿ ದೀಪದ ಯಂತ್ರ ಹಸಿರನ್ನು ಕೊಲ್ಲುತ್ತದೆ, ಅಮೋನಿಯಾವನ್ನು ಮುಟ್ಟುವುದಿಲ್ಲ, ಜಾಗ ಬದಲಿಸಿದರೆ ಖರ್ಚೇ ಇಲ್ಲ. ಚಹಾದ ಬಣ್ಣ ಮರದ ತುಂಡಿನದಾದರೆ ನಿರುಪದ್ರವಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ತಳದ ಕಲ್ಲುಗಳ ನಡುವೆ ಗಸಿ ಕೊಳೆಯುತ್ತಿದೆ, ಕಲ್ಲು ಹಾಸು ತೆಗೆದು ಬರಿ ತಳ ಇಡಿ. “ಒಂದೇ ಹನಿಗೆ ತಿಳಿನೀರು” ಎಂಬ ಬಾಟಲಿಗಳು ಕಣ್ಣಿಗೆ ಮಾತ್ರ ಮದ್ದು.

ಕಣ್ಣು ಊದುವುದಕ್ಕೆ ಎ ಜೀವಸತ್ವದ ಕೊರತೆಯೂ ಕಾರಣವಿರಬಹುದು. ಅಮೋನಿಯಾ 0 ಇದ್ದೂ ವಾರದಲ್ಲಿ ಇಳಿಯದಿದ್ದರೆ, ಅಥವಾ ಆಮೆ ಒಂದು ಬದಿಗೆ ವಾಲಿ ಈಜುತ್ತಿದ್ದರೆ, ಪಶುವೈದ್ಯರ ಬಳಿ ಹೋಗಿ. ವಾಲುವುದು ಶ್ವಾಸಕೋಶದ ಸೋಂಕಿನ ಲಕ್ಷಣ.

ತೆಗೆದ ನೀರು

ಆರೋಗ್ಯವಾಗಿರುವ ಆಮೆಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಇರಬಹುದು. ಮಕ್ಕಳಿಗೆ ಇದರಿಂದ ರೋಗ ಹರಡಿತೆಂದೇ ಅಮೆರಿಕ 1975ರಲ್ಲಿ 4 ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಷೇಧಿಸಿತು. ಹಾಗಾಗಿ ಈ ನೀರನ್ನು ಅಡುಗೆಮನೆಯ ಸಿಂಕಿಗೆ ಸುರಿಯಬೇಡಿ, ಬಾವಿಕಟ್ಟೆಯ ಹತ್ತಿರವೂ ಚೆಲ್ಲಬೇಡಿ. ಬಸಳೆ, ಹರಿವೆಗೂ ಬೇಡ, ತೆಂಗಿನ ಬುಡಕ್ಕೆ ಹಾಕಿ, ನೈಟ್ರೇಟ್ ಅದಕ್ಕೆ ಗೊಬ್ಬರ. ಆಮೆಯ ಬಾಲ್ದಿ, ಪೈಪ್, ಬ್ರಷ್ ಬೇರೆಯೇ ಇರಲಿ, ಗುರುತಿಗೆ ಬಣ್ಣದ ಟೇಪ್ ಸುತ್ತಿ. ಐದು ವರ್ಷದೊಳಗಿನ ಮಕ್ಕಳು ಈ ನೀರು ಮುಟ್ಟದಂತೆ ನೋಡಿಕೊಳ್ಳಿ, ಉಳಿದವರು ಮುಟ್ಟಿದ ಪ್ರತಿ ಸಲವೂ ಸೋಪು ಹಾಕಿ 20 ಸೆಕೆಂಡ್ ಕೈ ತೊಳೆಯಲಿ.